ಪರದೆ ಹಳದಿಯಾಗಿದ್ದರೆ ಹಳದಿ ಅಂತಲೇ ಹೇಳಿ

ಕಳೆದ ಭಾನುವಾರ ಗುಂಡ್ಲುಪೇಟೆಯಲ್ಲಿ ಸಂಜೆಯ ಆಟಕ್ಕೆ ಹೋಗಿದ್ದೆ. ಟೈಟಲ್ ಮುಗಿಯುತ್ತಲೇ ಮದುವೆ ಮನೆ. ಮದುಮಗನ ಪಂಚೆ, ಹಿರಿಯರ ಜುಬ್ಬ, ಚಪ್ಪರಕ್ಕೆ ಕಟ್ಟಿದ ಬಟ್ಟೆ ಎಲ್ಲವೂ ಅರಿಸಿನದ ನೀರಿಗೆ ಅದ್ದಿ ತೆಗೆದ ಹಾಗಿತ್ತು. ಅರಿಸಿನ ಶಾಸ್ತ್ರದ ದೃಶ್ಯ, ಅದಕ್ಕೇ ಹೀಗೆ ಅಂದುಕೊಂಡೆ. ಆಮೇಲೆ ಆಸ್ಪತ್ರೆ ಬಂತು. ಡಾಕ್ಟರ ಕೋಟು ಹಳದಿ, ಹಾಸಿಗೆಯ ಹೊದಿಕೆ ಹಳದಿ, ಗೋಡೆಯೂ ಹಳದಿ. ಕಿಟಕಿಯಾಚೆಯ ಆಕಾಶ ಪಾಚಿಗಟ್ಟಿದ ಕೆರೆಯ ಬಣ್ಣಕ್ಕೆ ತಿರುಗಿತ್ತು.

ಅಕ್ಕಪಕ್ಕ ನೋಡಿದೆ. ಎಂಬತ್ತು ತೊಂಬತ್ತು ಜನ ಇದ್ದರು. ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರು, ಹೊಲದ ಕೆಲಸ ಮುಗಿಸಿ ಮುಖ ತೊಳೆದು ಬಂದ ಹುಡುಗರು. ಒಬ್ಬರೂ ಚಕಾರ ಎತ್ತಲಿಲ್ಲ. ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ, ‘ಬಣ್ಣ ಸರಿಯಾಗಿ ಕಾಣ್ತಾ ಇದೆಯಾ ಯಜಮಾನ್ರೇ?’ ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ‘ನನ್ ಕಣ್ಣೇ ಹಿಂಗಾಗದೇನೋ ಅಂತಿದ್ದಿ ಕನಪ್ಪ’ ಅಂದರು.

ಆ ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. ಯಂತ್ರ ಕೆಟ್ಟಿದೆ, ದುಡ್ಡು ಕೊಟ್ಟು ಬಂದ ಮನುಷ್ಯ ತನ್ನ ಕಣ್ಣನ್ನೇ ಅನುಮಾನಿಸುತ್ತಿದ್ದಾನೆ.

ಟೆಂಟಿನಲ್ಲಿ ಸಿನಿಮಾ ನೋಡಿ ಬೆಳೆದವರು ಹೀಗಿರಲಿಲ್ಲ. ನಮ್ಮ ಹೋಬಳಿಯ ಟೂರಿಂಗ್ ಟಾಕೀಸಿನಲ್ಲಿ ಚಿತ್ರ ಕೊಂಚ ಮಸುಕಾದರೆ ನೆಲದ ಮೇಲೆ ಕೂತವರೆಲ್ಲ ಒಟ್ಟಿಗೆ ‘ಫೋಕಸ್!’ ಅಂತ ಕೂಗುತ್ತಿದ್ದರು. ಬೆಳಕು ಸೋತರೆ ‘ಕಾರ್ಬನ್!’ ಅನ್ನುತ್ತಿದ್ದರು. ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಉರಿಯುವ ಬೆಳಕು ಅದು. ಕಡ್ಡಿ ಸವೆದು ಅಂತರ ಹೆಚ್ಚಿದಂತೆ ಪರದೆ ಮಂಕಾಗುತ್ತಿತ್ತು. ಕೂಗು ಕಿವಿಗೆ ಬಿದ್ದ ಗಳಿಗೆಯಲ್ಲೇ ಆಪರೇಟರ್ ತಿರುಪು ತಿರುಗಿಸಿ ಕಡ್ಡಿಗಳನ್ನು ಹತ್ತಿರ ತರುತ್ತಿದ್ದ, ಮುಖಗಳು ಮತ್ತೆ ಬೆಳಗುತ್ತಿದ್ದವು. ಅಕ್ಷರ ಕಲಿಯದ ಅಜ್ಜಿಯರಿಗೂ ಆ ಎರಡು ಮಾತು ಗೊತ್ತಿತ್ತು. ಅವರು ‘ಪಿಚ್ಚರ್ ಸರಿಯಿಲ್ಲ’ ಅಂತ ಕೂಗುತ್ತಿರಲಿಲ್ಲ, ಏನು ಕೆಟ್ಟಿದೆಯೋ ಅದರ ಹೆಸರನ್ನೇ ಹಿಡಿದು ಕೂಗುತ್ತಿದ್ದರು.

ರೀಲು ಹೋಯಿತು. ಹಾರ್ಡ್ ಡಿಸ್ಕ್ ಬಂತು, ಚಾವಣಿಯ ಮೇಲೆ ಉಪಗ್ರಹದ ಡಿಶ್ ಬಂತು, ಪೋಸ್ಟರಿನ ಮೂಲೆಯಲ್ಲಿ ಯುಎಫ್‌ಒ, ಕ್ಯೂಬ್ ಅನ್ನುವ ಗುರುತುಗಳು ಕಾಣಿಸಿಕೊಂಡವು. ದೊಡ್ಡ ಊರಿನಲ್ಲಿ ಓಡಿ ಓಡಿ ಗೀರುಬಿದ್ದ ಪ್ರಿಂಟಿಗಾಗಿ ವಾರಗಟ್ಟಲೆ ಕಾಯುತ್ತಿದ್ದ ನಮ್ಮಂಥ ಊರುಗಳಿಗೆ ಬೆಂಗಳೂರಿನ ಶುಕ್ರವಾರವೇ ನಮ್ಮ ಶುಕ್ರವಾರವೂ ಆಯಿತು. ಸಣ್ಣ ಊರಿಗೆ ಸಿಕ್ಕ ದೊಡ್ಡ ನ್ಯಾಯ ಅದು, ಇವತ್ತಿಗೂ ಹಾಗೇ ಭಾವಿಸುತ್ತೇನೆ. ಆದರೆ ಅದರ ಬೆನ್ನಿಗೇ ಒಂದು ನಂಬಿಕೆಯೂ ಒಳಗೆ ಬಂದು ಕೂತಿತು. ಕಂಪ್ಯೂಟರ್ ಅಂದಮೇಲೆ ತಪ್ಪಾಗದು, ಕಂಡದ್ದೇ ಸರಿ ಅನ್ನುವ ನಂಬಿಕೆ. ಅಲ್ಲಿಗೆ ನಮ್ಮ ಕೂಗು ನಿಂತಿತು.

ಇಂಟರ್ವಲ್ ಆದದ್ದೇ ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಹೋದೆ. ಇಪ್ಪತ್ತೈದರ ಹುಡುಗ. ಬಾಗಿಲಲ್ಲಿ ಟಿಕೆಟ್ ಹರಿಯುವವನೂ ಅವನೇ, ಹಾಲಿನ ದೀಪ ಹಾಕುವವನೂ ಅವನೇ, ಆಪರೇಟರೂ ಅವನೇ.

‘ಹಳದಿ ಆಗದಲ್ಲಪ್ಪ’ ಅಂದೆ.

‘ಪಿಚ್ಚರ್ರೇ ಹಂಗದ ಕನಣ್ಣ. ಈಗಿನ್ ಡೈರೆಕ್ಟ್ರು ಇಂಥ ಕಲರ್ರೇ ಮಡಗ್ತರ.’

ಅವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಈಚಿನ ಎಷ್ಟೋ ಚಿತ್ರಗಳು ಕಂದಿನಲ್ಲೋ ಬೂದಿಯಲ್ಲೋ ಮುಳುಗಿಯೇ ಬರುತ್ತವೆ. ಇದು ನಿರ್ದೇಶಕರು ಇಟ್ಟ ಬಣ್ಣವೋ, ಯಂತ್ರ ನುಂಗಿದ ಬಣ್ಣವೋ ತಿಳಿಯಬೇಕಾದರೆ ಚಿತ್ರವನ್ನೇ ಬದಿಗಿಡಬೇಕು. ಅದಕ್ಕೆ ಪ್ರೊಜೆಕ್ಟರಿನ ಒಳಗೇ ದಾರಿಯಿದೆ. ಸರ್ವರಿನ ನೆರವಿಲ್ಲದೆ ಪ್ರೊಜೆಕ್ಟರ್ ತಾನೇ ಮೂಡಿಸಿ ತೋರಿಸುವ ಕೆಲವು ಚಿತ್ರಗಳು ಅದರ ಮೆನುವಿನಲ್ಲಿರುತ್ತವೆ. ಟೆಸ್ಟ್ ಪ್ಯಾಟರ್ನ್ ಅನ್ನುತ್ತಾರೆ. ಅಚ್ಚ ಬಿಳಿ, ಅಚ್ಚ ಕೆಂಪು, ಹಸಿರು, ನೀಲಿ, ಆಮೇಲೆ ಚೌಕುಳಿಯ ಗೆರೆಗಳು. ದೋಷ ಅಲ್ಲೂ ಕಂಡರೆ ಅದು ಪ್ರೊಜೆಕ್ಟರಿನದು. ಅಲ್ಲಿ ಕಾಣದೆ ಚಿತ್ರದಲ್ಲಿ ಮಾತ್ರ ಕಂಡರೆ ಸರ್ವರಿನದೋ, ಕೇಬಲ್ಲಿನದೋ, ಬಂದ ಫೈಲಿನದೋ. ಒಂದೇ ಗುಂಡಿ ಒತ್ತಿ ಅರ್ಧ ಹುಡುಕಾಟ ಮುಗಿಸಬಹುದು.

ಹುಡುಗ ಬಿಳಿ ಹಾಕಿದ. ಪರದೆ ತುಂಬ ನಿಂಬೆಹಣ್ಣಿನ ಹಳದಿ. ಕೆಂಪು ಒತ್ತಿದ, ಕೆಂಪು ಬಂತು. ಹಸಿರು ಒತ್ತಿದ, ಹಸಿರು ಬಂತು. ಮುಂದಿನ ಸಾಲಿನ ಮಕ್ಕಳು ಒಂದೊಂದು ಬಣ್ಣ ಬಂದಾಗಲೂ ಅದರ ಹೆಸರು ಹೇಳಿ ಕೂಗುತ್ತಿದ್ದವು. ನೀಲಿ ಒತ್ತಿದ. ಪರದೆ ಕಪ್ಪಾಯಿತು. ಮಕ್ಕಳೂ ಸುಮ್ಮನಾದವು. ಅವನು ಅದೇ ಗುಂಡಿಯನ್ನು ಮೂರು ಸಲ ಒತ್ತಿ ನನ್ನ ಮುಖ ನೋಡಿದ.

‘ನೀಲೀನೇ ಇಲ್ಲ ಕನಣ್ಣ.’

ಒಳಗೆ ನಡೆಯುವುದು ಇಷ್ಟು. ದೀಪದ ಬೆಳಕನ್ನು ಒಂದು ಪಟ್ಟಕ ಕೆಂಪು, ಹಸಿರು, ನೀಲಿ ಅಂತ ಮೂರು ಪಾಲು ಮಾಡುತ್ತದೆ. ಒಂದೊಂದು ಪಾಲಿಗೂ ಒಂದೊಂದು ಚಿಪ್. ಒಂದು ಚಿಪ್ಪಿನ ಮೇಲೆ ಅಡ್ಡ 2048, ಉದ್ದ 1080, ಅಂದರೆ 22 ಲಕ್ಷಕ್ಕೂ ಹೆಚ್ಚು ಕನ್ನಡಿಗಳು. ಒಂದು ಕನ್ನಡಿಯ ಅಗಲ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಸೆಕೆಂಡಿಗೆ ಸಾವಿರಾರು ಸಲ ಅವು ಅತ್ತ ಇತ್ತ ವಾಲಿ ಬೆಳಕನ್ನು ಪರದೆಗೆ ಕಳಿಸುತ್ತವೆ, ಇಲ್ಲವೇ ಪಕ್ಕಕ್ಕೆ ಚೆಲ್ಲುತ್ತವೆ. ಅಮೆರಿಕದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಈ ಕನ್ನಡಿ ಚಿಪ್ಪನ್ನು ರೂಪಿಸಿದರು. 2015ರಲ್ಲಿ ಆಸ್ಕರ್ ಅಕಾಡೆಮಿ ಆ ಕೆಲಸಕ್ಕೆ ಅವರನ್ನು ಗೌರವಿಸಿತು. ಬಿಳಿ ಅನ್ನುವ ಬಣ್ಣ ಆ ಯಂತ್ರದಲ್ಲಿ ಇಲ್ಲವೇ ಇಲ್ಲ. ಮೂರೂ ಪಾಲು ತಕ್ಕ ಹದದಲ್ಲಿ ಒಂದರ ಮೇಲೊಂದು ಬಿದ್ದಾಗ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ. ನೀಲಿಯ ಚಿಪ್ಪೋ ಅದನ್ನು ಆಡಿಸುವ ಬೋರ್ಡೋ ಕೈಕೊಟ್ಟರೆ ಬಿಳಿ ಹಳದಿಯಾಗುತ್ತದೆ. ಹಸಿರು ಹೋದರೆ ಗುಲಾಬಿ ಬೆರೆತ ನೇರಳೆಯಾಗುತ್ತದೆ. ಕೆಂಪು ಹೋದರೆ ಎಲ್ಲವೂ ನೀಲಿ ಬೆರೆತ ಹಸಿರು, ಹಣೆಯ ಕುಂಕುಮ ಕಪ್ಪು.

ಇಲ್ಲಿ ನಮ್ಮ ಸೀಮೆಗೇ ಸಲ್ಲುವ ಒಂದು ಮಾತಿದೆ. ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಚೆಂಡುಹೂವಿನ ಹೊಲಗಳಲ್ಲಿ ಎಷ್ಟು ಹಾಡುಗಳ ಚಿತ್ರೀಕರಣ ಆಗಿದೆ ಅಂತ ಗುಂಡ್ಲುಪೇಟೆಯವರಿಗೆ ಹೇಳಬೇಕಾಗಿಲ್ಲ. ಅಂಥ ಹಾಡು ಬರುತ್ತಿರುವಾಗ ನೀಲಿ ಸತ್ತಿದ್ದರೂ ಗೊತ್ತಾಗುವುದಿಲ್ಲ. ಚೆಂಡುಹೂವಿನ ಬಣ್ಣ ಹುಟ್ಟುವುದೇ ಕೆಂಪು ಹಸಿರಿನ ಬೆರಕೆಯಿಂದ, ಅದಕ್ಕೆ ನೀಲಿಯ ಹಂಗು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಬಣ್ಣದ ಅನುಮಾನ ಬಂದರೆ ಹೂವು ನೋಡಬೇಡಿ. ಪಂಚೆ ನೋಡಿ, ಹಾಲು ನೋಡಿ, ಸುಣ್ಣದ ಗೋಡೆ ನೋಡಿ. ಅದಕ್ಕಿಂತ ಕಟ್ಟುನಿಟ್ಟಿನ ಪರೀಕ್ಷೆ ಬೇಕಾದರೆ ಕಪ್ಪು ಬಿಳುಪಿನ ಚಿತ್ರ. ಬೂದಿ ಬಣ್ಣ ಬೂದಿಯಾಗಿ ಉಳಿಯಲು ಮೂರೂ ಪಾಲು ಕೂದಲೆಳೆಯಷ್ಟೂ ಹದ ತಪ್ಪಬಾರದು. ತಪ್ಪಿದರೆ ಒಂದು ಛಾಯೆ ತಲೆ ಹಾಕಿಯೇ ಹಾಕುತ್ತದೆ.

ಇದನ್ನು ಬರೆಯುವಾಗ ಅಣ್ಣಾವ್ರು ನೆನಪಾಗುತ್ತಾರೆ. ಅವರ ಗಾಜನೂರು ಈಗ ತಮಿಳುನಾಡಿನ ತಾಳವಾಡಿ ಕಡೆಗೆ ಸೇರಿರಬಹುದು, ಚಾಮರಾಜನಗರದವರ ಲೆಕ್ಕದಲ್ಲಿ ಅದು ನಮ್ಮದೇ. 1971ರ ಅವರ ‘ಕಸ್ತೂರಿ ನಿವಾಸ’ ಕಪ್ಪು ಬಿಳುಪಿನದು. ಅದಕ್ಕೆ ಬಣ್ಣ ತುಂಬಿ 2014ರಲ್ಲಿ ಮತ್ತೆ ತೆರೆಗೆ ತಂದರು. ಒಂದೊಂದು ದೃಶ್ಯಕ್ಕೂ ಕೂತು ಬಣ್ಣ ಹಚ್ಚಿದವರ ದುಡಿಮೆ ಕೊನೆಗೆ ಬಂದು ನಿಲ್ಲುವುದು ಒಂದು ಊರಿನ ಒಂದು ಕ್ಯಾಬಿನ್ನಿನಲ್ಲಿ. ಅಲ್ಲಿ ಒಂದು ಬೋರ್ಡ್ ಸಡಿಲವಾಗಿದ್ದರೆ ಅಷ್ಟೂ ಜನರ ಕೆಲಸ ಪ್ರೇಕ್ಷಕನ ಕಣ್ಣಿಗೆ ತಲುಪದೇ ಉಳಿಯುತ್ತದೆ.

ಕ್ಯಾಬಿನ್ನಿಗೆ ಮರಳುತ್ತೇನೆ. ಹುಡುಗ ಎಂಜಿನಿಯರಿಗೆ ಫೋನ್ ಮಾಡಲು ಹಿಂಜರಿದ. ಯಾಕಪ್ಪ ಅಂದರೆ ಬೇಸಿಗೆಯ ಒಂದು ಕಥೆ ಹೇಳಿದ. ಅರ್ಧ ಗಂಟೆ ಚಿತ್ರ ಓಡಿದ ಮೇಲೆ ದೀಪ ತಾನಾಗೇ ಆರಿಹೋಗುತ್ತಿತ್ತಂತೆ. ‘ಲ್ಯಾಂಪ್ ಆಫ್ ಆಯ್ತದ ಸಾರ್’ ಅಂತ ಇವನು ಫೋನಿನಲ್ಲಿ ಹೇಳಿದ. ಲ್ಯಾಂಪಿನ ದೂರು ಅಂತ ಅವರು ಮೈಸೂರಿನಿಂದ ಹೊಸ ಲ್ಯಾಂಪ್ ಹೊತ್ತು ತಂದರು. ಬಂದು ಪಕ್ಕದ ಮುಚ್ಚಳ ತೆಗೆದರೆ ಗಾಳಿಯ ಫಿಲ್ಟರ್ ಕಂಬಳಿಯ ಹಾಗೆ ಧೂಳು ಹಿಡಿದಿತ್ತು. ಗಾಳಿಯಾಡದೆ ಒಳಗೆ ಕಾವು ಏರಿ, ಯಂತ್ರ ತನ್ನನ್ನು ಉಳಿಸಿಕೊಳ್ಳಲು ದೀಪ ಆರಿಸುತ್ತಿತ್ತು. ಎರಡು ದಿನದ ಆಟ ನಿಂತಿತು, ಬಂದವರ ಖರ್ಚು ಬೇರೆ, ಮಾಲೀಕರ ಬೈಗುಳ ಬೇರೆ. ‘ಎಷ್ಟು ಹೊತ್ತಿಗೆ ಆರುತ್ತೆ, ಪರದೆಯ ಮೇಲೆ ಟೆಂಪರೇಚರ್ ಅಂತ ಏನಾದ್ರೂ ಬರುತ್ತಾ’ ಅಂತ ಅವರೂ ಕೇಳಲಿಲ್ಲ, ಇವನಿಗೂ ಹೇಳಲು ತೋಚಲಿಲ್ಲ.

ನನ್ನ ಮಾತಿನ ತಿರುಳು ಇದೇ. ಬೆಂಗಳೂರಿನಲ್ಲಿ ಎಂಜಿನಿಯರ್ ಒಂದು ಗಂಟೆಯಲ್ಲಿ ಬರುತ್ತಾನೆ, ಬೇಕಾದ ಬೋರ್ಡು ಇನ್ನೊಂದು ಗಂಟೆಯಲ್ಲಿ ಬರುತ್ತದೆ. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್, ಚಾಮರಾಜನಗರದಿಂದಲೂ ಹೆಚ್ಚುಕಮ್ಮಿ ಅಷ್ಟೇ. ಇಷ್ಟು ದೂರದಲ್ಲಿ ಇರುವವರಿಗೆ ದೋಷವನ್ನು ಸರಿಯಾಗಿ ಹೇಳುವುದೇ ಅರ್ಧ ರಿಪೇರಿ. ಅವರ ಬ್ಯಾಗಿನಲ್ಲಿ ಏನು ಬರಬೇಕು ಅನ್ನುವುದನ್ನು ಗೊತ್ತುಮಾಡುವುದು ನಮ್ಮ ಮಾತು.

ಹುಡುಗನಿಗೆ ಮೂರೇ ವಾಕ್ಯ ಹೇಳಿಕೊಟ್ಟೆ. ‘ಬಿಳಿ ಹಳದಿಯಾಗಿ ಕಾಣ್ತದ. ಟೆಸ್ಟ್ ಪ್ಯಾಟರ್ನ್‌ನಲ್ಲೂ ಹಂಗೇ ಅದ. ಕೆಂಪು ಹಸಿರು ಬತ್ತವ, ನೀಲಿ ಹಾಕುದ್ರ ಪೂರ್ತಿ ಕಪ್ಪು.’ ಅವನು ಸ್ಪೀಕರಿನಲ್ಲಿಟ್ಟು ಹೇಳಿದ. ಆ ಕಡೆಯಿಂದ ಒಂದು ಗಳಿಗೆ ಮೌನ. ಆಮೇಲೆ, ‘ಆಟ ಮುಗಿದ ಮೇಲೆ ಒಂದು ಸಲ ಪೂರ್ತಿ ಆಫ್ ಮಾಡಿ ಆನ್ ಮಾಡು. ಮತ್ತೆ ಹಾಗೇ ಇದ್ದರೆ ನೀನು ಏನೂ ಬಿಚ್ಚಬೇಡ. ನೀಲಿ ಕಡೆ ಬೋರ್ಡ್ ಜೊತೆಗೇ ತರ್ತೀನಿ’ ಅಂದರು. ಬಿಚ್ಚಬೇಡ ಅಂದದ್ದಕ್ಕೂ ಕಾರಣವಿದೆ. ಚಿತ್ರದ ಕಳ್ಳತನ ತಡೆಯಲು ಡಿಜಿಟಲ್ ಸಿನಿಮಾದ ಯಂತ್ರಗಳಿಗೆ ಒಳಬೀಗಗಳಿರುತ್ತವೆ. ಮುಚ್ಚಬೇಕಾದ ಬಾಗಿಲು ತೆರೆದರೆ ಚಿತ್ರವೇ ಓಡದಂತೆ ನಿಂತುಬಿಡಬಹುದು.

ಎಲ್ಲ ದೋಷಕ್ಕೂ ಬೋರ್ಡು ಬೇಕಾಗಿಲ್ಲ. ಚಾಮರಾಜನಗರದ ಒಂದು ಚಿತ್ರಮಂದಿರದಲ್ಲಿ ಪರದೆಯ ಬಲಗಡೆ ಚಾಪೆಯಗಲದ ಮಬ್ಬು ತಿಂಗಳುಗಟ್ಟಲೆ ನಿಂತಿತ್ತು. ಆಪರೇಟರ್ ವಾರಕ್ಕೊಮ್ಮೆ ಲೆನ್ಸ್ ಒರೆಸುತ್ತಿದ್ದರು, ಮಬ್ಬು ಕದಲಲಿಲ್ಲ. ಒಂದು ಬೆಳಗ್ಗೆ ಅವರ ಜೊತೆ ಕೂತು ನೋಡಿದೆ. ಪರದೆಯ ಹತ್ತಿರ ಹೋಗಿ ದೀಪ ಹಾಕಿ ನೋಡಿದರೆ ಬಟ್ಟೆ ಶುಭ್ರವಾಗಿತ್ತು, ಅಲ್ಲಿಗೆ ಪರದೆಯ ತಪ್ಪಲ್ಲ. ಬಿಳಿ ಹಾಕಿ ಚಿತ್ರವನ್ನು ಮೋಟಾರಿನಿಂದ ಕೊಂಚ ಎಡಕ್ಕೆ ಸರಿಸಿದರು. ಅಂಚು ಸರಿಯಿತು, ಮಬ್ಬು ಇದ್ದಲ್ಲೇ ಇತ್ತು. ಯಂತ್ರದ ಒಳಗಿನ ಧೂಳಾಗಿದ್ದರೆ ಚಿತ್ರದ ಜೊತೆಗೇ ಸರಿಯಬೇಕಿತ್ತು. ಉಳಿದದ್ದು ಕ್ಯಾಬಿನ್ನಿಗೂ ಹಾಲಿಗೂ ನಡುವಿನ ಗೋಡೆಯ ಗಾಜು. ಟಾರ್ಚ್ ಬಿಟ್ಟು ಓರೆಯಾಗಿ ನೋಡಿದಾಗ ಎಣ್ಣೆಗೈಯ ಒಂದು ಒತ್ತು ಮಿನುಗಿತು. ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಆಪರೇಟರ್ ಏನೂ ಹೇಳಲಿಲ್ಲ, ಕೆಳಗಿಳಿದು ಹೋಗಿ ಪರದೆಯ ಬಲಗಡೆ ನಿಂತು ಬಹಳ ಹೊತ್ತು ನೋಡುತ್ತಿದ್ದರು.

ಮಿಕ್ಕ ಗುರುತುಗಳನ್ನು ಬೇಗ ಹೇಳಿಬಿಡುತ್ತೇನೆ. ಕತ್ತಲ ದೃಶ್ಯದಲ್ಲಿ ಒಂದೇ ಜಾಗದಲ್ಲಿ ಕದಲದೆ ಮಿನುಗುವ ಹಸಿರೋ ಕೆಂಪೋ ಚುಕ್ಕೆ ಅಂದರೆ ಆ ಚಿಪ್ಪಿನ ಒಂದು ಕನ್ನಡಿ ವಾಲಿದಲ್ಲೇ ಸಿಕ್ಕಿಕೊಂಡಿದೆ. ಒಂದೆರಡಿದ್ದರೆ ಸಹಿಸಬಹುದು, ವಾರ ವಾರ ಹೆಚ್ಚುತ್ತಿದ್ದರೆ ತಿಳಿಸಬೇಕು. ಬಿಳಿ ಅಕ್ಷರದ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಅಂಚು ಕಂಡರೆ ಮೂರು ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಮುಖಗಳೆಲ್ಲ ನೀಳವಾಗಿಯೋ ಚಪ್ಪಟೆಯಾಗಿಯೋ ಇದ್ದರೆ ಸ್ಕೋಪ್ ಚಿತ್ರಕ್ಕೆ ಬೇರೆ ಅಳತೆಯ ಸೆಟ್ಟಿಂಗ್ ಹಾಕಿದ್ದಾರೆ, ಒಂದು ಗುಂಡಿಯ ಕೆಲಸ. ಜಾಹೀರಾತು ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗಿ ಚಿತ್ರ ಸರಿಯಾಗಿದ್ದರೆ ಯಂತ್ರ ಚೆನ್ನಾಗಿಯೇ ಇದೆ, ಬೇರೆ ದಾರಿಯಲ್ಲಿ ಬಂದ ಚಿತ್ರದ ಬಣ್ಣವನ್ನು ಅದು ತಪ್ಪಾಗಿ ಓದುತ್ತಿದೆ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತರೆ ಡಿಸ್ಕೋ ಸರ್ವರೋ. ಫೋಕಸ್ ಹಳೆಯದೇ ಕಾಯಿಲೆ. ಆದರೆ ಈಗ ಲೆನ್ಸ್ ಕಾವೇರಿದ ಮೇಲೆ ಅದು ಕೊಂಚ ಸರಿಯುತ್ತದೆ, ಆದ್ದರಿಂದ ದೀಪ ಹಚ್ಚಿ ಅರ್ಧ ಗಂಟೆ ಕಳೆದ ಮೇಲೆ ಮತ್ತೊಮ್ಮೆ ನೋಡಬೇಕು, ಬರೀ ನಡುವನ್ನಲ್ಲ, ನಾಲ್ಕೂ ಮೂಲೆಗಳನ್ನು.

ಮಂಕು ಬೆಳಕಿನ ಬಗ್ಗೆ ಮಾತ್ರ ನಿಧಾನಿಸಿ ಹೇಳಬೇಕು. ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಇರುವ ದೋಷ ಅದು, ಎಲ್ಲಕ್ಕಿಂತ ಕಡಿಮೆ ಗಮನಕ್ಕೆ ಬರುವುದೂ ಅದೇ. ಡಿಜಿಟಲ್ ಸಿನಿಮಾಕ್ಕೆ ಹಾಲಿವುಡ್ ಸ್ಟುಡಿಯೋಗಳು 2005ರಲ್ಲಿ ಒಟ್ಟಾಗಿ ಬರೆದಿಟ್ಟ ನಿಯಮದ ಪ್ರಕಾರ ಪರದೆಯ ನಡುವೆ ಬಿಳಿಯ ಬೆಳಕು 14 ಫುಟ್ ಲ್ಯಾಂಬರ್ಟ್ ಇರಬೇಕು. ಚದರ ಮೀಟರಿಗೆ 48 ಕ್ಯಾಂಡೆಲಾ ಅಂದರೂ ಅದೇ. ಜೆನಾನ್ ದೀಪ ಒಮ್ಮೆಲೇ ಸಾಯುವುದಿಲ್ಲ, ದಿನ ದಿನವೂ ಎಳ್ಳಷ್ಟು ಸೋಲುತ್ತದೆ. ದಿನವೂ ನೋಡುವ ಆಪರೇಟರಿನ ಕಣ್ಣಿಗೆ ಅದು ಗೊತ್ತೇ ಆಗದು. ದೀಪ ದುಬಾರಿ, ಹೇಳಿದ ಗಂಟೆಗಳಿಗಿಂತ ಇನ್ನೂರು ಗಂಟೆ ಹೆಚ್ಚು ಓಡಿಸೋಣ ಅನ್ನಿಸುವುದು ಸಹಜ. 3ಡಿ ಚಿತ್ರ ಮುಗಿದ ಮೇಲೆ ಲೆನ್ಸಿನ ಮುಂದಿನ ಫಿಲ್ಟರ್ ತೆಗೆಯುವುದನ್ನು ಮರೆತರಂತೂ ಬಹುಪಾಲು ಬೆಳಕು ಅಲ್ಲೇ ಉಳಿಯುತ್ತದೆ. ರಾತ್ರಿಯ ದೃಶ್ಯಗಳೆಲ್ಲ ಮಸಿಯಾಗಿ ಯಾರು ಯಾರನ್ನು ಹೊಡೆದರು ತಿಳಿಯದೆ ನಾವು ಎದ್ದು ಬರುತ್ತೇವೆ. ಅವಧಿ ಮೀರಿದ ದೀಪ ಬರೀ ಮಂಕಲ್ಲ, ಅಪಾಯವೂ ಹೌದು. ತಣ್ಣಗಿದ್ದಾಗಲೂ ಅದರೊಳಗೆ ಹೊರಗಾಳಿಗಿಂತ ಹಲವು ಪಟ್ಟು ಒತ್ತಡ ಇರುತ್ತದೆ, ಒಡೆದರೆ ಗಾಜು ಸಿಡಿಯುತ್ತದೆ. ಬದಲಿಸುವಾಗ ಮುಖಕ್ಕೆ ಕವಚ, ಕೈಗೆ ಗ್ಲೌಸ್ ಕಡ್ಡಾಯ. ಬೆರಳಿನ ಜಿಡ್ಡು ತಾಗಿದ ಜಾಗವೂ ಕಾವಿಗೆ ಹಾಳಾಗುತ್ತದೆ. ಆ ಇಪ್ಪತ್ತೈದರ ಹುಡುಗನ ಕೈಗೆ ಇವೆರಡನ್ನೂ ಕೊಟ್ಟಿದ್ದಾರಾ ಅಂತ ಮಾಲೀಕರು ಇವತ್ತೇ ನೋಡಬೇಕು.

ಮಾಲೀಕರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಶುಕ್ರವಾರ ಮೊದಲ ಆಟಕ್ಕೆ ಮುಂಚೆ ಐದು ನಿಮಿಷ ಬಿಳಿ, ಕೆಂಪು, ಹಸಿರು, ನೀಲಿ, ಚೌಕುಳಿ ಹಾಕಿ ನೋಡಲಿ. ಕಂಡದ್ದನ್ನು ದೀಪದ ಗಂಟೆಗಳ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೊಬೈಲಿನಲ್ಲಿ ಫೋಟೊ ತೆಗೆದು ಎಂಜಿನಿಯರಿಗೆ ಕಳಿಸುವುದು ಒಳ್ಳೆಯದೇ, ಆದರೆ ಮೊಬೈಲ್ ಬಣ್ಣವನ್ನು ತಾನೇ ತಿದ್ದಿಬಿಡುತ್ತದೆ, ಆದ್ದರಿಂದ ಜೊತೆಗೆ ಬಾಯಲ್ಲೂ ಹೇಳಬೇಕು. ಟಿಕೆಟ್ ಹರಿಯುವ ಹುಡುಗನೇ ಆಪರೇಟರ್ ಆಗುವುದಾದರೆ ಅವನನ್ನು ಮೂರು ದಿನ ಮೈಸೂರಿಗೆ ಕಳಿಸಿ ಕಲಿಸಲಿ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯಡಿ ಚಿತ್ರಮಂದಿರಕ್ಕೆ ಪರವಾನಗಿ ಕೊಡುವುದು ಜಿಲ್ಲಾ ದಂಡಾಧಿಕಾರಿಗಳು. ಪರವಾನಗಿಯ ತಪಾಸಣೆಯ ದಿನ ಅಧಿಕಾರಿಗಳು ಒಂದು ಬೆಳಕಿನ ಮೀಟರ್ ಹಿಡಿದು ಪರದೆಯ ಮುಂದೆಯೂ ಐದು ನಿಮಿಷ ನಿಲ್ಲಲಿ ಅಂತ ಚಾಮರಾಜನಗರದ ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ.

ಮತ್ತೆ ನಾವು. ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ, ಹೇಳಿ ಹೇಳಿ ಸೋತಾಗ ಅಲ್ಲಿಗೆ ಹೋಗೋಣ. ಮೊದಲ ಬಾಗಿಲು ಮಾತ್ರ ಕ್ಯಾಬಿನ್ನಿನದು. ಇಂಟರ್ವಲ್‌ನಲ್ಲಿ ಕಡಲೆಕಾಯಿ ಕೊಳ್ಳುವ ಮುಂಚೆ ಮೆಟ್ಟಿಲು ಹತ್ತಿ ಕಂಡದ್ದನ್ನು ಕಂಡ ಹಾಗೆ ಹೇಳಿ. ಯಾವ ಮೂಲೆ, ಯಾವ ಬಣ್ಣ, ಯಾವಾಗಿನಿಂದ. ಒಂದು ಸಲ ಮಂಕು ಚಿತ್ರ ನೋಡಿ ಮೈಸೂರಿನ ಮಾಲಿಗೆ ಹೊರಟವರು, ಮನೆಯಲ್ಲೇ ಮೊಬೈಲ್ ಹಿಡಿದು ಕೂತವರು ಯಾಕೆ ಬರುತ್ತಿಲ್ಲ ಅಂತ ಚಿತ್ರಮಂದಿರಕ್ಕೆ ಹೇಳಿ ಹೋಗುವುದಿಲ್ಲ. ಸದ್ದಿಲ್ಲದೆ ಸೀಟುಗಳು ಖಾಲಿಯಾಗುತ್ತವೆ, ಒಂದು ದಿನ ಬಾಗಿಲಿಗೆ ಬೀಗ ಬೀಳುತ್ತದೆ. ನನಗೆ ಗುಂಡ್ಲುಪೇಟೆಯಲ್ಲಿ ಪರದೆ ಬೇಕು. ಚಾಮರಾಜನಗರದಲ್ಲಿ ಬೇಕು. ನೂರು ಜನ ಒಟ್ಟಿಗೆ ಕೂತು ನಗುವ ಜಾಗ ನಮ್ಮ ಊರುಗಳಲ್ಲಿ ಹೆಚ್ಚು ಉಳಿದಿಲ್ಲ.

ಮಂಗಳವಾರ ಮಧ್ಯಾಹ್ನ ಹುಡುಗನ ಫೋನ್ ಬಂತು. ‘ಬಂದು ಹಾಕ್ಬುಟ್ಟು ಹೋದ್ರು ಕನಣ್ಣ, ಒಂದೇ ಸಲಕ್ಕ.’ ಸಂಜೆ ಮತ್ತೆ ಹೋದೆ. ಟೈಟಲ್ ಮುಗಿಯಿತು, ಅದೇ ಮದುವೆ ಮನೆ. ಪಂಚೆ ಬೆಳ್ಳಗಿತ್ತು. ಭಾನುವಾರ ಕಡುಗೆಂಪು ಅಂತ ನೋಡಿದ್ದ ಮದುಮಗಳ ಸೀರೆ ನೇರಳೆಯದ್ದಾಗಿತ್ತು.